ಹೊಸ್ತಿಲಿಗೆ ಮೂರು ಸಲ

ಕೊಯಮತ್ತೂರಿನ ಹತ್ತಿರದ ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುವ, ಮನೆಯಲ್ಲಿ ಕನ್ನಡವಾಡುವ ಪೊನ್ನುಸಾಮಿ ಹುಟ್ಟಿದ ಮೇಲೆ ಒಂದು ಹೊಸ್ತಿಲನ್ನೂ ಒಂದೇ ಸಲಕ್ಕೆ ದಾಟಿದವನಲ್ಲ. ಒಳಗೆ ಹೋಗಿ ಹಿಂದೆ ಬಂದು, ಮತ್ತೆ ಹೋಗಿ ಮತ್ತೆ ಬಂದು, ಮೂರನೆಯ ಸಲ ಹೋದರೆ ಹೋದ ಹಾಗೆ. ಮಗ್ಗದ ಗುಂಡಿಗೆ ಇಳಿಯುವಾಗಲೂ ಅಷ್ಟೇ. ನಡುವೆ ಯಾರಾದರೂ ಮಾತಾಡಿದರೆ ಮೊದಲಿಂದ ಶುರು. ಮದುವೆಯಲ್ಲಿ ಹೆಣ್ಣಿನ ಕಡೆಯವರು ಮೂರು ಸಲವೂ ಆರತಿ ಎತ್ತಿದರಂತೆ. ಕುಲದೇವತೆ ಚೌಡೇಶ್ವರಿಯ ಮೇಲೆ ಅಳಿಯನಿಗೆ ಎಂಥ ಭಕ್ತಿ ಎಂದು ಕೇರಿಯೆಲ್ಲ ಹೊಗಳಿತು. ಪೊನ್ನುಸಾಮಿ ಇಲ್ಲವೆನ್ನಲಿಲ್ಲ. ಹೊಗಳಿಕೆ ಯಾರಿಗೆ ಬೇಡ?

ಎಂಬತ್ತಾರನೆಯ ಇಸವಿಯಲ್ಲಿ ಮೊಮ್ಮಗಳು ಬೆಳ್ಳಿಗೆ ಐದು ವರ್ಷ. ಆಡುವ ಮಾತೂ ಐದೇ. ದಿನವಿಡೀ ನೂಲು ಸುತ್ತಿದ ಕಂಡಿಕೆಗಳನ್ನು ಬಣ್ಣ ನೋಡಿ ಸಾಲಾಗಿ ಜೋಡಿಸುವಳು. ಒಂದನ್ನು ಸರಿಸಿದರೂ ಕೇರಿ ಕಿತ್ತುಹೋಗುವ ಹಾಗೆ ಅಳು. ಇದು ಸೊಸೆ ರಾಮಾಯಿಯ ತವರು ಧಾರಾಪುರದಿಂದ ಬಂದದ್ದೆಂದು ಪೊನ್ನುಸಾಮಿಯ ಹೆಂಡತಿ ಕಾಮಾಕ್ಷಿಯಮ್ಮ ಅನ್ನ ಬಡಿಸುವಾಗೊಮ್ಮೆ, ನೀರು ಸೇದುವಾಗೊಮ್ಮೆ ಆಡುವಳು. ರಾಮಾಯಿ ಕೇಳಿ ಕೇಳಿ ಸಾಕಾಗಿ, ಕೊಯಮತ್ತೂರಿನಲ್ಲಿ ಡಾಕ್ಟರಿಗೆ ತೋರಿಸಿ, ಅಲ್ಲಿಂದಲೇ ಮಗುವನ್ನು ಕರಕೊಂಡು ತವರಿಗೆ ಹೋಗುತ್ತೇನೆಂದು ಬಟ್ಟೆ ಗಂಟು ಕಟ್ಟಿದಳು. ಬೆಳ್ಳಿ ಕಂಡಿಕೆ ಜೋಡಿಸದ ಮಗ್ಗದಲ್ಲಿ ಕೂರುವುದು ಹೇಗೆಂದು ಪೊನ್ನುಸಾಮಿ ಹೆಂಡತಿಯನ್ನೂ ಕರಕೊಂಡು ಜೊತೆಗೆ ಹೊರಟ.

ಡಾಕ್ಟರಮ್ಮ ಮಗುವನ್ನು ನೋಡಿ, ಇದಕ್ಕೆ ಆಟಿಸಂ ಅನ್ನುತ್ತಾರೆ, ಯಾರ ತಪ್ಪೂ ಅಲ್ಲ, ಮಾಡಿದ್ದನ್ನೇ ಮಾಡುವ ಗುಣ ಕೆಲವು ವಂಶಗಳಲ್ಲಿ ಇಳಿದು ಬರುವುದುಂಟು, ನಿಮ್ಮಲ್ಲಿ ಯಾರಾದರೂ ಹಾಗಿದ್ದಾರಾ ಎಂದು ತಮಿಳಿನಲ್ಲಿ ಕೇಳಿದಳು. ನಮ್ಮ ಕಡೆ ಒಬ್ಬರೂ ಇಲ್ಲವೆಂದಳು ಕಾಮಾಕ್ಷಿಯಮ್ಮ.

ಆಗ ಪೊನ್ನುಸಾಮಿ ಬಾಗಿಲಿಂದ ಎರಡನೆಯ ಸಲ ಹಿಂದೆ ಹೋಗುತ್ತಿದ್ದ. ಡಾಕ್ಟರಮ್ಮ ಕನ್ನಡಕ ಒರೆಸಿ ಹಾಕಿಕೊಂಡು ನೋಡಿದಳು. ಅದು ಭಕ್ತಿ ಎಂದು ಕಾಮಾಕ್ಷಿಯಮ್ಮ ಬಾಯಿ ತೆರೆಯುವಷ್ಟರಲ್ಲಿ ಪೊನ್ನುಸಾಮಿಯ ಕಣ್ಣು ಸೊಸೆಯ ಗಂಟಿನ ಮೇಲೆ ಬಿತ್ತು.

"ಭಕ್ತಿಯೂ ಇಲ್ಲೆ, ಗಿಕ್ತಿಯೂ ಇಲ್ಲೆ, ಕಾಮಾಕ್ಷಿ. ಮೂರು ಸಲ ದಾಟದಿದ್ರೆ ಕಾಲು ಕೇಳಾದಿಲ್ಲೆ. ಧಾರಾಪುರದ ಮೇಲೆ ಯಾಕೆ ಹಾಕ್ತೀಯ? ನಮ್ಮಪ್ಪನಿಗೆ ಐದು ಸಲ. ನಾನು ಎರಡು ಕಮ್ಮಿ ಮಾಡಿವ್ನಿ."

ರಾಮಾಯಿ ಅದನ್ನು ಒಂದಕ್ಷರ ಬಿಡದೆ ಡಾಕ್ಟರಮ್ಮನಿಗೆ ತಮಿಳಿನಲ್ಲಿ ಹೇಳಿದಳು. ಕೇಳಿದ್ದಕ್ಕಿಂತ ಸ್ವಲ್ಪ ಜೋರಾಗಿಯೇ.

ಬಸ್ ಸ್ಟ್ಯಾಂಡಿನಲ್ಲಿ ಧಾರಾಪುರದ ಬಸ್ಸು ಹೊರಡುವುದರಲ್ಲಿತ್ತು. ಕಾಮಾಕ್ಷಿಯಮ್ಮ ಸೊಸೆಯ ಕೈಯ ಗಂಟನ್ನು ಕಿತ್ತುಕೊಂಡು ಸಿರುಮುಗೈ ಬಸ್ಸು ಹತ್ತಿದಳು. ರಾಮಾಯಿ ಹಿಂದೆಯೇ ಹತ್ತಿದಳು. ಪೊನ್ನುಸಾಮಿ ಹತ್ತಿ ಇಳಿದ. ಅವನ ಬೆರಳು ಹಿಡಿದಿದ್ದ ಬೆಳ್ಳಿಯೂ ಹತ್ತಿ ಇಳಿದಳು. ಮತ್ತೆ ಹತ್ತಿ ಇಳಿದರು. ಕಂಡಕ್ಟರ್ ಗದರಿಸಲು ವಿಸಿಲನ್ನು ಬಾಯಿಂದ ತೆಗೆದ. ಕಾಮಾಕ್ಷಿಯಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ತಾಳಪ್ಪಾ, ನಮ್ಮ ವಂಶ ಅದು. ಇನ್ನೊಂದೇ ಸಲ."

ನಡುವೆ ಮಾತಾಡಿದ್ದರಿಂದ ತಾತ, ಮೊಮ್ಮಗಳು ಮೊದಲಿಂದ ಶುರು ಮಾಡಿದರು.