ಟೇಪಕ್ಕನ ಅರ್ಧ ಇಂಚು

ಠಕ್. ಒಂದು ಉಸಿರಿನಷ್ಟು ಮೌನ. ಆಮೇಲೆ ಠಪ್.

ಮಹಡಿಯಿಂದ ಈ ಸದ್ದು ಕೇಳಿದಾಗಲೆಲ್ಲ ಕೆಳಗಿನ ಅಂಗಡಿಯ ಕ್ಷೌರಿಕ ಗಿರಾಕಿಯ ಕೆನ್ನೆಯಿಂದ ಕತ್ತಿಯನ್ನು ಎತ್ತಿ ಹಿಡಿಯುತ್ತಿದ್ದ. ಎರಡನೆಯ ಹೆಜ್ಜೆ ಬಿದ್ದ ಮೇಲೆಯೇ ಮತ್ತೆ ಇಳಿಸುತ್ತಿದ್ದ. “ಟೇಪಕ್ಕ ನಡೀತಿದ್ದಾಳೆ. ಅವಳ ಕಾಲು ಊರೋವರೆಗೂ ನನ್ನ ಕೈ ಓಡಲ್ಲ” ಎನ್ನುತ್ತಿದ್ದ.

ಕತ್ತಿನಲ್ಲಿ ಸದಾ ಅಳತೆಯ ಟೇಪು ಇರುತ್ತಿದ್ದುದರಿಂದ ಅವಳು ಬೀದಿಗೆಲ್ಲ ಟೇಪಕ್ಕ. ಮೇಲಿನ ಎರಡು ಕೋಣೆಗಳಲ್ಲೇ ಮನೆ, ಹೊಲಿಗೆ ಅಂಗಡಿ ಎರಡೂ. ಗಂಡ ತೀರಿಕೊಂಡ ಮೇಲೆ ಅಲ್ಲಿ ಉಳಿದವರು ಮೂವರು: ಟೇಪಕ್ಕ, ಅವಳ ಅತ್ತೆ, ಅವಳ ಮಗಳು. ಮಗಳು ಮಷಿನ್ನಿನ ಮುಂದೆ ಕೂತು ಹೊಲಿಯುತ್ತಾಳೆ. ಬಟ್ಟೆ ಕತ್ತರಿಸುವುದು ಟೇಪಕ್ಕ. ಅದು ಕೂತು ಮಾಡುವ ಕೆಲಸವಲ್ಲ. ಸೊಂಟದೆತ್ತರದ ಮೇಜಿನ ಮೇಲೆ ಬಟ್ಟೆ ಹಾಸಿ, ಅದರ ಸುತ್ತ ನಡೆಯುತ್ತಾ ಕತ್ತರಿ ಆಡಿಸಬೇಕು. ತಾನು ತಿರುಗುವ ಬದಲು ಬಟ್ಟೆಯನ್ನು ತಿರುಗಿಸಿದರೆ ಪದರಗಳು ಜರುಗುತ್ತವೆ. ಇಪ್ಪತ್ತೆಂಟು ವರ್ಷ ಅವಳು ಆ ಮೇಜಿನ ಸುತ್ತ ನಡೆದಿದ್ದಳು. ಅಳತೆ ಕೊಡಲು ಬಂದವರು ಗೋಡೆಗೆ ಒರಗಿದರೆ ಗದರುತ್ತಿದ್ದಳು: “ನೆಟ್ಟಗೆ ನಿಲ್ರೀ. ಒರಗಿದ ಮೈಗೆ ಹೊಲಿದ್ರೆ ನಿಂತ ಮೈಗೆ ಆಗಲ್ಲ.”

ಕಾಲಿಗೆ ಚುಚ್ಚಿದ್ದು ಒಂದು ಗುಂಡುಸೂಜಿ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿತ್ತು, ಅವಳಿಗೆ ಗೊತ್ತೇ ಆಗಲಿಲ್ಲ. ಗೊತ್ತಾಗುವ ಹೊತ್ತಿಗೆ ಗಾಯ ಕೊಳೆತು, ಎಡಗಾಲನ್ನು ಮಂಡಿಯ ಕೆಳಗೆ ತೆಗೆಯದೆ ಬೇರೆ ದಾರಿ ಇರಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಅವಳು ದೇವರ ಜೊತೆ ಮಾತು ಬಿಟ್ಟಳು. ಹಿಂದೆಲ್ಲ ಬೆಳಗಿನ ಜಾವ ಅತ್ತೆ ಸೊಸೆ ಇಬ್ಬರೂ ಕಿಟಕಿಯ ಬಳಿ ನೆಲದ ಮೇಲೆ ಕೂತು ಪ್ರಾರ್ಥನೆ ಮಾಡುತ್ತಿದ್ದರು. ಈಗ ಅತ್ತೆ ಒಬ್ಬರೇ ಕೂರುತ್ತಿದ್ದರು, ಅದೂ ಎರಡರಷ್ಟು ಹೊತ್ತು.

“ಯಾಕತ್ತೆ ಇಷ್ಟು ಹೊತ್ತು?”

“ನಿನ್ನ ಪಾಲಿಂದೂ ನಾನೇ ಮಾಡ್ತಿದ್ದೀನಿ ಕಣೇ. ಬೇಗ ಸಿಟ್ಟು ಇಳಿಸ್ಕೊಂಡು ಬಾ. ನನಗೆ ಎಂಬತ್ತಾಯ್ತು, ಇಬ್ಬರ ಬಾಬ್ತು ಕೂರೋಕೆ ಮಂಡಿ ಕೇಳಲ್ಲ.”

ಟೇಪಕ್ಕನಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು. ಮರುದಿನ ಬೆಳಿಗ್ಗೆ ಕುರ್ಚಿ ಎಳೆದುಕೊಂಡು ಅತ್ತೆಯ ಪಕ್ಕ ಕೂತು ಗಟ್ಟಿಯಾಗಿಯೇ ಹೇಳಿದಳು: “ಹೋದ ಕಾಲು ಕೇಳಲ್ಲಪ್ಪಾ. ಅದು ನಿನ್ನದೇ, ಇಟ್ಕೋ. ಆದ್ರೆ ಇನ್ನು ಮೂಲೇಲಿ ಕೂತಿರು ಅಂದ್ರೆ ಕೇಳೋಳಲ್ಲ ನಾನು.”

“ಹಾಗೇನಾ ದೇವರ ಹತ್ರ ಮಾತಾಡೋದು?” ಎಂದರು ಅತ್ತೆ.

“ಅವನಿಗೆ ನನ್ನ ಬಾಯಿ ಹೊಸದಾ?”

ಹೊಸ ಕಾಲು ಬಂತು. ಆದರೆ ಅದನ್ನು ಹಾಕಿಕೊಂಡು ಮೇಜಿನ ಮುಂದೆ ಹತ್ತು ನಿಮಿಷ ನಿಂತರೆ ಸೊಂಟ ಸೀಳುವಂಥ ನೋವು. ಎರಡು ಸಲ ಬಿದ್ದಳು. ಕಾಲು ಮಾಡಿಕೊಟ್ಟ ಕೇಂದ್ರದವನು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದ: “ಅಭ್ಯಾಸ ಆಗುತ್ತೆ ಅಮ್ಮ. ಮನಸ್ಸು ಒಪ್ಪಬೇಕು, ಅಷ್ಟೇ.” ಆರನೆಯ ವಾರ ಟೇಪಕ್ಕ ಅಲ್ಲಿಗೆ ಹೋಗಿ ‘ಸರಿಯಾಗಿದೆ’ ಎಂದು ಸಹಿ ಹಾಕಬೇಕಿತ್ತು. ಸಹಿ ಬಿದ್ದ ಮೇಲೆ ಅವರು ತಿದ್ದಿಕೊಡುವುದಿಲ್ಲ.

ಅಷ್ಟರಲ್ಲಿ ಮಗಳು ಶಾಲೆಯ ಸಮವಸ್ತ್ರವನ್ನು ತಾನೇ ಕತ್ತರಿಸಲು ಹೋಗಿ ಒಂದು ಅಂಗಿಗೆ ಎರಡೂ ಎಡ ತೋಳು ಕತ್ತರಿಸಿಟ್ಟಿದ್ದಳು.

“ಎರಡೂ ಎಡಗೈ ಇರೋ ಹುಡುಗ ಯಾರಾದ್ರೂ ಗೊತ್ತೇನೇ ನಿನಗೆ?”

ಮಗಳು ನಗಲಿಲ್ಲ. “ಅಮ್ಮ, ಈ ಮೇಜು ಕೊಟ್ಟುಬಿಡೋಣ. ಹರಿದಿದ್ದು ಬಿಚ್ಚಿದ್ದು ಹೊಲ್ಕೊಂಡು ಇರೋಣ. ನೀನು ಮತ್ತೆ ಬೀಳೋದನ್ನ ನನ್ನ ಕೈಲಿ ನೋಡೋಕಾಗಲ್ಲ. ಎಲ್ಲಾದ್ರೂ ಒಂದು ಕಡೆ ಒಪ್ಪಿಕೊಳ್ಳಲೇಬೇಕಲ್ವಾ?”

 ಟೇಪಕ್ಕ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಆ ಮರ ಅವಳ ಹೊಟ್ಟೆ ತಾಗಿ ತಾಗಿ ಒಂದು ಕಡೆ ನುಣುಪಾಗಿತ್ತು.

ಸಹಿ ಹಾಕಬೇಕಾದ ದಿನ ಬೆಳಿಗ್ಗೆ, ಪ್ರಾರ್ಥನೆ ಮುಗಿಸಿದ ಅತ್ತೆ ನೆಲದ ಮೇಲೆ ಕೂತೇ ಕಣ್ಣು ಬಿಟ್ಟರು. ಎದುರಿಗೆ ಸೊಸೆ, ತಾನೇ ಹೊಲಿದ ಉದ್ದ ಲಂಗ ತೊಟ್ಟು ನಿಂತಿದ್ದಳು.

“ಇದೇನೇ, ಟೈಲರ್ ಆಗಿ ಹೀಗಾ ಹೊಲಿಯೋದು? ಲಂಗ ಎಡಗಡೆ ನೆಲ ಗುಡಿಸ್ತಿದೆ.”

“ನಾನು ಹೊಲಿದ ಲಂಗ ಸೊಟ್ಟ ಇರಲ್ಲ ಅತ್ತೆ.”

“ಹಾಗಾದ್ರೆ ನೀನೇ ಸೊಟ್ಟ ಇದ್ದೀಯ.”

 ಟೇಪಕ್ಕ ಕತ್ತಿನ ಟೇಪು ತೆಗೆದು ಮಗಳಿಗೆ ಕೊಟ್ಟಳು. ಮಗಳು ನೆಲಕ್ಕೆ ಬಗ್ಗಿ, ನೆಲದಿಂದ ಲಂಗದ ಅಂಚಿನವರೆಗೆ ಬಲಗಡೆ ಅಳೆದಳು, ಎಡಗಡೆ ಅಳೆದಳು. ಮತ್ತೆ ಅಳೆದಳು.

“ಎಡಗಡೆ ಅರ್ಧ ಇಂಚು ಇಳಿದಿದೆ ಅಮ್ಮ.”

“ಚೂರು ಬಟ್ಟೆ ತಾ.”

ಸಮವಸ್ತ್ರದ ನೀಲಿ ಚೂರುಗಳನ್ನು ಪದರ ಪದರವಾಗಿ ಮಡಿಸಿ ಎಡ ಬೂಟಿನ ಕೆಳಗೆ ಇಟ್ಟರು. ಲಂಗದ ಅಂಚು ಸಮವಾಯಿತು. ಟೇಪಕ್ಕ ಅಲ್ಲಾಡದೆ ನಿಂತಳು. ಹತ್ತು ನಿಮಿಷ. ಇಪ್ಪತ್ತು. ಸೊಂಟ ಚಕಾರ ಎತ್ತಲಿಲ್ಲ.

ಮಗಳ ಜೊತೆ ಕೇಂದ್ರಕ್ಕೆ ಹೋದಾಗ ಅವನು ಕಾಗದ, ಪೆನ್ನು ಮುಂದಿಟ್ಟ. ಟೇಪಕ್ಕ ಅದರ ಮೇಲೆ ಆ ನೀಲಿ ಗಂಟನ್ನು ಇಟ್ಟಳು. ಪದರಗಳು ಜಾರದಂತೆ ನಾಲ್ಕು ಹೊಲಿಗೆ ಹಾಕಿ ತಂದಿದ್ದಳು.

“ಇದೇನಮ್ಮ?”

“ನೀವು ಕಡಿಮೆ ಕೊಟ್ಟಿದ್ದು. ಅರ್ಧ ಇಂಚು.”

“ಅಳತೆ ತೆಗೆದೇ ಮಾಡಿದ್ದು ಅಮ್ಮ. ಎಲ್ಲರಿಗೂ ಮೊದಲು ಹೀಗೇ ಅನ್ನಿಸುತ್ತೆ. ಮನಸ್ಸು...”

“ನನ್ನ ಮನಸ್ಸು ಯಾವತ್ತೋ ಒಪ್ಪಿದೆ. ದೇವರ ಜೊತೆ ಕೂತು ಅದನ್ನ ಬಗೆಹರಿಸ್ಕೊಂಡಾಗಿದೆ. ಒಪ್ಪದೇ ಇರೋದು ಸೊಂಟ. ಅಳತೆ ತೆಗೆದ ದಿನ ನಾನು ಹೇಗೆ ನಿಂತಿದ್ದೆ, ನೆನಪಿದೆಯಾ?”

ಅವನಿಗೆ ನೆನಪಿರಲಿಲ್ಲ. ಅವಳಿಗಿತ್ತು. ಅವತ್ತು ಅವಳು ನಿಂತಿರಲಿಲ್ಲ. ಇಡೀ ಮೈಯನ್ನು ಊರುಗೋಲಿನ ಮೇಲೆ ಚೆಲ್ಲಿ, ಒಂದು ಪಕ್ಕಕ್ಕೆ ಕುಸಿದು, ಕಿಟಕಿಯಾಚೆ ನೋಡುತ್ತಿದ್ದಳು. ಅವನು ಅಳೆದದ್ದು ಆ ಹೆಂಗಸನ್ನು.

“ಒರಗಿದ ಮೈಗೆ ಮಾಡಿದ್ದೀರಿ. ನಾನೀಗ ನೆಟ್ಟಗೆ ನಿಂತಿದ್ದೀನಿ. ಮತ್ತೆ ಅಳೀರಿ.”

“ಅಮ್ಮ, ಇವತ್ತು ತುಂಬಾ ಜನ...”

“ಕಾಲು ಹೋಗಿದ್ದನ್ನ ಒಪ್ಪಿದ್ದೀನಿ. ಅರ್ಧ ಇಂಚು ಒಪ್ಪಲ್ಲ.” ಟೇಪು ಬಿಚ್ಚಿ ಅವನ ಕೈಗೆ ಕೊಟ್ಟಳು. “ನಿಮ್ಮದು ಸಿಗದಿದ್ರೆ ನನ್ನದು ತಗೊಳ್ಳಿ.”

ಅವನು ಅಳೆದ. ಹಳೆಯ ಚೀಟಿ ನೋಡಿದ. ಇನ್ನೊಮ್ಮೆ ಅಳೆದ. ಅವಳ ಕಾಲು ಬಿಚ್ಚಿಕೊಂಡು ಒಳಗೆ ಹೋಗಿ, ಅದರೊಳಗಿನ ಕೊಳವೆ ಬದಲಾಯಿಸಿ ಒಂದು ಗಂಟೆಯ ಮೇಲೆ ಬಂದ. ಟೇಪಕ್ಕ ಎದ್ದು ಎರಡು ಹೆಜ್ಜೆ ಇಟ್ಟಳು. ಠಕ್, ಠಕ್. ಮಗಳು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

“ಈಗ ಸಹಿ ಮಾಡಿ ಅಮ್ಮ.”

“ಮಾಡ್ತೀನಿ. ಮೊದಲು ನನ್ನ ಮೇಜಿನ ಸುತ್ತ ಒಂದು ದಿನ ನಡೀತೀನಿ. ಸೊಂಟ ಹೂಂ ಅಂದ್ರೆ ನಾಳೆ ಬಂದು ಸಹಿ.”

“ಇವತ್ತೇ ಆಗಬೇಕಮ್ಮ!” ಅವನು ಕಾಗದ ಹಿಡಿದು ಬಾಗಿಲವರೆಗೆ ಬಂದ. ಅವಳು ಆಗಲೇ ಪಡಸಾಲೆಯ ನಡುವೆ ಇದ್ದಳು, ತಿರುಗಿ ನೋಡದೆ.

“ನಾಳೆ ಅಂದ್ರೆ ನಾಳೆ. ಇವತ್ತು ನಲವತ್ತು ಅಂಗಿ ಕತ್ತರಿಸೋದಿದೆ. ಮಗಳೇ, ಬೇಗ ಬಾ, ಅಜ್ಜಿ ಕಿಟಕೀಲೇ ನಿಂತಿರ್ತಾರೆ. ಒಂದು ಬಲ ತೋಳು, ಒಂದು ಎಡ ತೋಳು, ತಿಳೀತಾ? ಹಾಂ, ಕೆಳಗಡೆ ಕ್ಷೌರದವನಿಗೂ ಹೇಳ್ಬೇಕು, ಇನ್ನು ನನ್ನ ಸದ್ದು ಕೇಳಿದಾಗ ಕತ್ತಿ ಎತ್ತಿ ಹಿಡ್ಕೊಂಡು ಕಾಯೋದು ಬೇಡ ಅಂತ.”