ಪಡಸಾಲೆಯ ಸಮುದ್ರಕ್ಕೆ ಸಿಹಿನೀರು

ಆಗೆಲ್ಲ ಧಾರವಾಡದಲ್ಲಿ ನಳಕ್ಕೆ ನೀರು ಬರುವುದೆಂದರೆ ಮನೆಗೆ ಬೀಗರು ಬಂದಂತೆ. ಯಾವಾಗ ಬರುತ್ತಾರೋ ಗೊತ್ತಿಲ್ಲ, ಬಂದರೆ ಇದ್ದ ಕೆಲಸ ಬಿಟ್ಟು ಓಡಬೇಕು. ತೊಂಬತ್ತರ ದಶಕದ ಕೊನೆಯ ಆ ಬೇಸಿಗೆಯಲ್ಲಿ ಸಪ್ತಾಪುರದ ನಮ್ಮ ಓಣಿಗೆ ವಾರಕ್ಕೊಮ್ಮೆ ನೀರು ಬಂದರೆ ಪುಣ್ಯ. ಹಂಡೆ, ಕೊಡ, ಬಕೆಟ್ಟು, ಕೊನೆಗೆ ಸಾರಿನ ಪಾತ್ರೆಯನ್ನೂ ತುಂಬಿಸಿಡುತ್ತಿದ್ದೆವು. ಅಂಥ ಬೇಸಿಗೆಯಲ್ಲೇ ನಮ್ಮ ಕಸ್ತೂರಿ ಅತ್ತಿ ಪಡಸಾಲೆಗೆ ಸಮುದ್ರ ತಂದಳು.

ಅತ್ತಿ ಅಪ್ಪನ ತಂಗಿ. ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಳು, ಮದುವೆ ಬೇಡವೆಂದು ನಮ್ಮೊಂದಿಗೇ ಇದ್ದಳು. ಒಮ್ಮೆ ಮುಂಬೈಯಲ್ಲಿ ಗಾಜಿನ ತೊಟ್ಟಿಯೊಳಗೆ ಹವಳವನ್ನೂ ಸಮುದ್ರದ ಮೀನನ್ನೂ ನೋಡಿ ಬಂದ ಮೇಲೆ ಅವಳ ಬಾಯಲ್ಲಿ ಬೇರೆ ಮಾತೇ ಇಲ್ಲ. "ಈ ಬಯಲುಸೀಮ್ಯಾಗ ಸಮುದ್ರದ ಮೀನಾ ಬದುಕತಾವೇನ್ರಿ?" ಎಂದು ಕಾಲೇಜಿನವರು ನಕ್ಕರಂತೆ. ಅವಳಿಗೆ ಅಷ್ಟೇ ಸಾಕಾಯಿತು. ತಾರಿಹಾಳದ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ ಅಪ್ಪ ಗಟ್ಟಿಮುಟ್ಟಾದ ಕಬ್ಬಿಣದ ಸ್ಟ್ಯಾಂಡು ಮಾಡಿಸಿ ತಂದ. ದಪ್ಪ ಗಾಜಿನ ತೊಟ್ಟಿ ಬಂತು. ಅತ್ತಿ ಕಾರವಾರಕ್ಕೆ ಹೋಗಿ ಕ್ಯಾನುಗಳಲ್ಲಿ ಸಮುದ್ರದ ನೀರು ತುಂಬಿಕೊಂಡು ಬಸ್ಸು ಹತ್ತಿದಳು.

"ಏನೈತ್ರಿ ಅಕ್ಕಾರ ಇದರಾಗ?" ಎಂದನಂತೆ ಕಂಡಕ್ಟರ್.

"ಸಮುದ್ರ ಐತ್ರಿ."

"ಹಂಗಾರ ಲಗೇಜ್ ಟಿಕೆಟ್ ತಗೀರಿ. ಸಮುದ್ರಾನ ಪುಕ್ಕಟೆ ಒಯ್ಯಾಕ ಬರೂದಿಲ್ಲ."

ಮುಂಬೈಯ ಅಂಗಡಿಯಿಂದ ತೊಟ್ಟಿಗೆ ಹಾಕುವ, ಸಣ್ಣ ಜೀವಿಗಳು ಅಂಟಿದ ಸಮುದ್ರದ ಕಲ್ಲುಗಳು ಬಂದವು. ಒದ್ದೆ ಪೇಪರ್ ಬಿಡಿಸಿದ ಕೂಡಲೇ ಮನೆ ತುಂಬ ಉಪ್ಪು, ಪಾಚಿ, ಹಸಿ ಚಿಪ್ಪಿನ ವಾಸನೆ. ಮೀನು ತಿನ್ನದ ಮನೆ ನಮ್ಮದು. ಅವ್ವ ಸೆರಗು ಮೂಗಿಗೆ ಹಿಡಿದು ಹಿತ್ತಲಿಗೆ ಹೋದಳು. ನನಗೆ ಮಾತ್ರ ಆ ವಾಸನೆ ಹುಚ್ಚು ಹಿಡಿಸಿತು. ಆದರೆ ನೀರು ಹದಕ್ಕೆ ಬರುವ ತನಕ ಮೀನು ಬಿಡುವಂತಿಲ್ಲ ಎಂದಳು ಅತ್ತಿ. ಎಷ್ಟೋ ವಾರ ತೊಟ್ಟಿಯಲ್ಲಿ ಬರೀ ನೀರು, ಉಸುಕು, ಕಲ್ಲು. ಪಕ್ಕದ ಮನೆಯ ಪಾರಕ್ಕ ನೋಡಲು ಬಂದು, ಸುತ್ತಲೂ ಹಣಿಕಿ ಹಾಕಿ, "ಎಲ್ಲದಾವ ಮೀನಾ?" ಎಂದಳು.

"ಇನ್ನೂ ಬಂದಿಲ್ರಿ," ಎಂದಳು ಅತ್ತಿ.

"ಮತ್ತ ಏನ್ ನೋಡಾಕ ಕರದಿ?"

"ನೀರು ನೋಡ್ರಿ," ಎಂದು ಅವ್ವ ಒಳಗಿನಿಂದಲೇ ಉತ್ತರ ಕೊಟ್ಟಳು. "ಊರಾಗ ಕುಡಿಯಾಕ ಹನಿ ನೀರಿಲ್ಲ, ನಮ್ಮ ಪಡಸಾಲ್ಯಾಗ ಸಮುದ್ರ!"

ಪಾರಕ್ಕನಿಗೆ ಕಾಣದ್ದು ನನಗೂ ತಮ್ಮನಿಗೂ ಕಾಣುತ್ತಿತ್ತು. ಕಲ್ಲಿನ ಸಂದಿಯಿಂದ ಕುಂಚದಂಥ ಒಂದು ಹುಳು ಗರಿ ಬಿಚ್ಚಿ ನಿಲ್ಲುತ್ತಿತ್ತು, ನಮ್ಮ ನೆರಳು ಬಿದ್ದರೆ ಸರಕ್ಕನೆ ಒಳಗೆ. ಅದು ಅಡಗದ ಹಾಗೆ ಯಾರು ಹತ್ತಿರ ಹೋಗುತ್ತಾರೆ ಎನ್ನುವುದೇ ಆ ಬೇಸಿಗೆ ಸೂಟಿಯ ಆಟವಾಯಿತು. ಚುರಮುರಿ ಗಿರ್ಮಿಟ್ಟಿನ ತಟ್ಟೆ ಪಕ್ಕಕ್ಕಿಟ್ಟು ಉಸಿರು ಬಿಗಿಹಿಡಿದು ಕೂತರೆ ಲಗೋರಿಯೂ ಬೇಡ, ಚಿನ್ನಿದಾಂಡೂ ಬೇಡ. ಶಾಲೆಗೆ ರಜೆ ಸಿಕ್ಕ ಮಕ್ಕಳಿಗೆ ಕಲ್ಲಿನ ಮುಂದೆ ತೆಪ್ಪಗೆ ಕೂಡುವುದನ್ನು ಕಲಿಸಿದ ಅತ್ತಿ ಎಂಥ ಟೀಚರ್!

ಕೊನೆಗೆ ಮುಂಬೈ ಬಸ್ಸಿನಲ್ಲಿ ಥರ್ಮಾಕೋಲ್ ಪೆಟ್ಟಿಗೆ ಬಂತು. ಕೇಸರಿ ಮೈಗೆ ಬಿಳಿ ಪಟ್ಟಿಯ ಎರಡು ಮೀನು, ಅಂಗಿಯ ಗುಂಡಿಯಷ್ಟಗಲದ, ಹೂವಿನಂತೆ ಅರಳುವ ಹಸಿರು ಹವಳಗಳ ಒಂದು ಗುಂಪು. ಮೀನುಗಳು ಸೊಂಟ ಕುಣಿಸುತ್ತ ಈಜುವುದನ್ನು ನೋಡಿ ಮೊದಲು ನಕ್ಕವಳು ಅವ್ವನೇ. ನಕ್ಕದ್ದು ಯಾರಿಗೂ ಕಾಣಬಾರದೆಂದು ಒಳಗೆ ಹೋದಳು.

ಜಗಳ ಶುರುವಾದದ್ದು ಆಮೇಲೆ. ಬಿಸಿಲಿಗೆ ತೊಟ್ಟಿಯ ನೀರು ದಿನಾ ಆವಿಯಾಗುತ್ತಿತ್ತು. ಎಲ್ಲಿಯವರೆಗೆ ನೀರಿರಬೇಕೆಂಬ ಗುರುತಿಗೆ ಅವ್ವ ಹಣೆಗೆ ಹಚ್ಚುವ ಕೆಂಪು ಟಿಕಲಿಯೊಂದನ್ನು ಅತ್ತಿ ಗಾಜಿಗೆ ಅಂಟಿಸಿದ್ದಳು. ನೀರು ಅದರ ಕೆಳಗೆ ಇಳಿದರೆ ಅಷ್ಟು ಸಿಹಿನೀರು ಹಾಕಬೇಕು.

"ಕ್ಯಾನಿನ್ಯಾಗ ಸಮುದ್ರದ ನೀರು ಉಳದೈತಲ್ಲ, ಅದನ್ನ ಹಾಕು. ಕುಡಿಯೂ ನೀರು ಯಾಕ?" ಎಂದಳು ಅವ್ವ.

"ವೈನಿ, ಸಾರು ಕುದ್ದು ಕುದ್ದು ಬತ್ತಿದ್ರ ಏನಾಗತೈತ್ರಿ?" ಎಂದು ಅತ್ತಿ ತನ್ನ ಅತ್ತಿಗೆಯನ್ನು ಕೇಳಿದಳು.

"ಉಪ್ಪಾಗತೈತಿ."

"ಆಗ ಮತ್ತ ಉಪ್ಪು ಹಾಕ್ತೀರೋ, ನೀರು ಹಾಕ್ತೀರೋ?"

ಅವ್ವ ಸೌಟು ಹಿಡಿದು ನಿಂತಲ್ಲೇ ನಕ್ಕಳು. "ಇಷ್ಟ ಹೌದಿಲ್ಲೋ! ಮೊದಲ ಹೇಳಬಾರದೇನ?" ಎಂದವಳೇ ತಾಮ್ರದ ಕೊಡ ಎತ್ತಿಕೊಂಡು ಬಂದಳು. ಅತ್ತಿ ಓಡಿಹೋಗಿ ಅಡ್ಡ ನಿಂತಳು. ತಾಮ್ರದ ನೀರು ನಮಗೆ ಒಳ್ಳೆಯದು, ಹವಳಕ್ಕೆ ವಿಷವಂತೆ. ಬಕೆಟ್ಟುಗಳಿಗೆ ಸೋಪಿನ ಕೈ ತಾಗಿರುತ್ತಿತ್ತು. ಉಳಿದದ್ದು ಅವ್ವ ತವರಿನಿಂದ ತಂದ ಸ್ಟೀಲ್ ಕೊಡ ಒಂದೇ. ನಾವೆಲ್ಲ ಕುಡಿಯುತ್ತಿದ್ದದ್ದು ಅದರ ನೀರನ್ನೇ. ಅಂದಿನಿಂದ ಅದರಲ್ಲಿ ಸಮುದ್ರಕ್ಕೂ ಒಂದು ಪಾಲು ಬಿತ್ತು.

ಮೇ ತಿಂಗಳಲ್ಲಿ ಎಲ್ಲೋ ಪೈಪು ಒಡೆಯಿತು. ಎರಡು ವಾರ ಕಳೆದರೂ ನಳ ಸುಮ್ಮನಿತ್ತು. ಹಂಡೆ ಬರಿದಾಯಿತು, ಬಕೆಟ್ಟು ಬರಿದಾಯಿತು, ಸ್ಟೀಲ್ ಕೊಡ ತಳ ಕಂಡಿತು. ತೊಟ್ಟಿಯ ನೀರು ಟಿಕಲಿಯಿಂದ ಬಹಳ ಕೆಳಗೆ ಇಳಿದಿತ್ತು. ಹವಳಗಳು ಮುಚ್ಚಿಕೊಂಡವು. ಮೀನುಗಳು ಮೂಲೆ ಹಿಡಿದು ಏದುಸಿರು ಬಿಡುತ್ತಿದ್ದವು. ಮಧ್ಯಾಹ್ನವೇ ಕಾಲೇಜಿನಿಂದ ಬಂದ ಅತ್ತಿ ಚಪ್ಪಲಿಯನ್ನೂ ಬಿಡದೆ ತೊಟ್ಟಿಯ ಮುಂದೆ ನಿಂತಳು.

"ಹೋದ್ರ ಹೋಗ್ಲಿ ಬಿಡ್ರಿ ವೈನಿ. ಇದ್ದ ನೀರು ಹುಡುಗ್ರು ಕುಡೀಲಿ. ನಕ್ಕಾವ್ರ ಮಾತ ಖರೇ ಆತು," ಎಂದಳು. ಅತ್ತಿ ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಅವ್ವ ಕೊಡ ಬಗ್ಗಿಸಿ ಸ್ಟೀಲ್ ತಂಬಿಗೆ ತುಂಬಿಸಿದಳು. "ತವರು ಬಿಟ್ಟು ಬಂದಾವ ಕಸ್ತೂರಿ. ನಂಬಿ ಬಂದ ಮನ್ಯಾಗ ನೀರಿಲ್ಲ ಅಂದ್ರ ಎಲ್ಲಿಗೆ ಹೋಗಬೇಕ ಅವು?" ಎಂದು ತೊಟ್ಟಿಗೆ ಸಣ್ಣ ಧಾರೆಯಾಗಿ ಬಿಡತೊಡಗಿದಳು. ಒಮ್ಮೆಲೇ ಸುರಿಯಬಾರದೆಂದು ಅತ್ತಿ ಹಿಂದೆ ಹೇಳಿದ್ದನ್ನು ನೆನಪಿಟ್ಟಿದ್ದಳು. ಸಂಜೆತನಕ ತಾಸಿಗಿಷ್ಟು ಹಾಕುತ್ತ ಟಿಕಲಿಯವರೆಗೂ ತಂದಳು. ಆ ದಿನ ಸಾರಿಲ್ಲ. ರೊಟ್ಟಿ, ಮೊಸರು, ಶೇಂಗಾ ಹಿಂಡಿ. ಪಾರಕ್ಕ ಒಂದು ಚರಿಗೆ ನೀರು ತಂದಿಟ್ಟು, "ಇದು ಹುಡುಗ್ರಿಗೆ, ನಿಮ್ಮ ಸಮುದ್ರಕ್ಕಲ್ಲ ಮತ್ತ!" ಎಂದು ಬೆರಳು ತೋರಿಸಿದಳು. ಹೋಗುವಾಗ ತಾನೇ ಬಗ್ಗಿ ಮೀನುಗಳನ್ನು ನೋಡಿ ಹೋದಳು.

ಮರುದಿನ ಹವಳಗಳು ಒಂದೊಂದಾಗಿ ಅರಳಿದವು. ಮೀನುಗಳು ಸೊಂಟ ಕುಣಿಸುತ್ತ ಗಾಜಿನ ಹತ್ತಿರ ಬಂದವು. ಮಧ್ಯಾಹ್ನ ನಳ ಬುಸುಗುಟ್ಟಿತು, ಓಣಿಗೆ ಓಣಿಯೇ ಕೊಡ ಹಿಡಿದು ಓಡಿತು. ಕೆಲವು ದಿನಗಳ ನಂತರ, ಅಂದು ನಕ್ಕಿದ್ದ ಕಾಲೇಜಿನವರೆಲ್ಲ ಮನೆಗೆ ಬಂದು, ಚಹಾ ಆರಿಹೋಗುವ ತನಕ ತೊಟ್ಟಿಯ ಮುಂದೆ ಬಾಯಿ ಬಿಟ್ಟು ನಿಂತಿದ್ದರು. ಆ ಮೀನುಗಳ ಜೋಡಿ ನಾನು ಕಾಲೇಜು ಸೇರುವ ತನಕ ಬದುಕಿತ್ತು.

ಆಮೇಲೆ ಮನೆಯಲ್ಲಿ ಯಾರ ಮುಖ ಬಾಡಿದರೂ ಅವ್ವ, "ಯಾಕ, ನೀರು ಟಿಕಲಿ ಕೆಳಗ ಇಳದೈತಲ್ಲ?" ಎಂದು ಕೇಳಿ, ಏನೂ ಕೆದಕದೆ ಒಂದು ತಂಬಿಗೆ ನೀರು ಮುಂದಿಡುತ್ತಿದ್ದಳು. ಅಪ್ಪನಿಗೂ ಅದೇ ಮಾತು, ಪರೀಕ್ಷೆ ಕೆಟ್ಟ ನನಗೂ ಅದೇ. ಎಲ್ಲರಿಗಿಂತ ಹೆಚ್ಚು ಅತ್ತಿಗೆ.

ಈಗ ನಮ್ಮ ಓಣಿಯಲ್ಲಿ ನಳ ಹಗಲು ರಾತ್ರಿ ಬರುತ್ತದೆ. ಕೊಡ ತುಂಬಿಡುವ ಗೊಡವೆ ಯಾರಿಗೂ ಇಲ್ಲ. ಇನ್ನೊಬ್ಬರ ನೀರು ಎಷ್ಟು ಇಳಿದಿದೆ ಎಂದು ನೋಡುವ ಕಣ್ಣೂ ಅದರ ಜೊತೆಗೇ ಹೋಯಿತೇನೋ. ಅವ್ವ ತೀರಿಕೊಂಡ ದಿನ, ಬಂದವರೆಲ್ಲ ಹೋದ ಮೇಲೆ, ಅತ್ತಿ ಅಡುಗೆಮನೆಯಲ್ಲಿ ಆ ಸ್ಟೀಲ್ ಕೊಡದ ಪಕ್ಕ ಕೂತಿದ್ದಳು. ನಾನು ತಂಬಿಗೆಯಲ್ಲಿ ನೀರು ಕೊಟ್ಟು, ಅವ್ವನ ಮಾತನ್ನೇ ಹೇಳಿದೆ.

ಅತ್ತಿ ನೀರು ಕುಡಿದಳು. ತಂಬಿಗೆ ಕೆಳಗಿಟ್ಟು, "ಕೇಳೂ ಮೊದಲ ನೀರು ಕೊಡಾಕಿ ಹೋದಳವಾ," ಎಂದಳು.