ಕಲ್ಯಾಣಪ್ಪ ಸರ್ ಅವರ ಖಾಲಿ ಚೌಕಗಳು

ಕಲ್ಯಾಣಪ್ಪ ಸರ್ ನನಗೆ ಯಾಕೆ ಫೋನ್ ಮಾಡಲಿಲ್ಲ? ಏಳು ತಿಂಗಳಿಂದ ಇದೊಂದು ಚಿಂತೆ ನನ್ನ ಬೆನ್ನು ಬಿಟ್ಟಿಲ್ಲ. ಹಾಗೆ ನೋಡಿದರೆ ನನಗೆ ಚಿಂತೆಗೇನೂ ಬರವಿಲ್ಲ. ಮಗಳು ಶಾಂಭವಿ ಎರಡು ಸಲ ಸೀನಿದರೆ ಥರ್ಮಾಮೀಟರ್ ಹುಡುಕುತ್ತೇನೆ; ಸೀನದೆ ಸುಮ್ಮನೆ ಮಲಗಿದ್ದರೆ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತೇನೆ. ಆ ಚಿಂತೆಗಳು ಬರುತ್ತವೆ, ಹೋಗುತ್ತವೆ. ಇದು ಮಾತ್ರ ಬಂದಿದ್ದು ಹೋಗಲಿಲ್ಲ.

ಸರ್ ಅವರ ಲೆಕ್ಕದಲ್ಲಿ ಮೂರನೆಯ ದಿನ ಫೋನ್ ಬರಬೇಕು. ಒಂದು ದಿನ ಮೈದಾನಕ್ಕೆ ಬರದಿದ್ದರೆ ಆಲಸ್ಯ, ಎರಡು ದಿನವಾದರೆ ಜ್ವರ, ಮೂರು ದಿನವಾದರೆ ಯಾರಾದರೂ ಹೋಗಿ ನೋಡಬೇಕು. ಮದುವೆಗೆ ಮುಂಚೆಯೂ ಆಮೇಲೂ ಸೇರಿ ನಾಲ್ಕು ವರ್ಷ ನಾನು ಅವರ ಹತ್ತಿರ ಓಡಲು ಕಲಿತೆ. ಎಷ್ಟು ಸಲ ತಪ್ಪಿಸಿದ್ದೇನೋ, ಅಷ್ಟು ಸಲವೂ ಮೂರನೆಯ ದಿನ ಬೆಳಿಗ್ಗೆ ಏಳೂವರೆಗೆ ಫೋನ್ ಬಂದಿದೆ. "ಏನವ್ವಾ ಪ್ರಾಜಕ್ತಾ, ಕಾಲು ಮುನಿಸಿಕೊಂಡಾವೇನು?" ಅಷ್ಟೇ. ಬೈಗುಳ ಇಲ್ಲ, ಉಪದೇಶ ಇಲ್ಲ. ಮರುದಿನ ನಾನು ಮೈದಾನದಲ್ಲಿರುತ್ತಿದ್ದೆ.

ಅವರು ಬಸವಕಲ್ಯಾಣದ ಕಡೆಯವರು. ತಂದೆ ಗೌಂಡಿ, ಇಲ್ಲಿ ಕಟ್ಟಡ ಕಟ್ಟುವ ಕೆಲಸ ಸಿಕ್ಕಿತೆಂದು ಸಂಸಾರ ಸಮೇತ ಹೈದರಾಬಾದಿಗೆ ಬಂದವರು. ತಾಯಿ ತಲೆಯ ಮೇಲೆ ಇಟ್ಟಂಗಿ ಹೊತ್ತು ಮೆಟ್ಟಿಲು ಹತ್ತುವಾಗ, ಹುಡುಗ ಕಲ್ಯಾಣಪ್ಪ ಖಾಲಿ ಕೈಯಲ್ಲಿ ಅದೇ ಮೆಟ್ಟಿಲು ಓಡಿ ಹತ್ತಿ ಮೇಲೆ ನಿಂತು ಕಾಯುತ್ತಿದ್ದನಂತೆ. ಓಟ ಅಲ್ಲಿಂದ ಶುರು. ಓದಿ, ವ್ಯಾಯಾಮ ಶಿಕ್ಷಕರಾಗಿ, ಇಲ್ಲೇ ಹೈದರಾಬಾದಿನಲ್ಲಿದ್ದ ಸಣ್ಣ ಕನ್ನಡ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದರು. ಯಾದಗಿರಿ, ಕಲಬುರ್ಗಿ ಕಡೆಯಿಂದ ಕೂಲಿಗೆ ಬಂದವರ ಮಕ್ಕಳೇ ಅಲ್ಲಿ ಜಾಸ್ತಿ.

ಆ ಶಾಲೆಯಲ್ಲಿ ಅವರು ಹಾಜರಿ ಪುಸ್ತಕ ಬರೆಯುತ್ತಿದ್ದ ರೀತಿಯೇ ಬೇರೆ. ಹುಡುಗ ಬಂದರೆ ಗುರುತು ಹಾಕುವರು. ಬರದಿದ್ದರೆ ಏನೂ ಬರೆಯದೆ ಆ ಚೌಕವನ್ನು ಖಾಲಿ ಬಿಡುವರು. ಯಾಕೆ ಬರಲಿಲ್ಲ ಎಂದು ಗೊತ್ತಾದ ಮೇಲೆಯೇ ಅದು ತುಂಬುತ್ತಿದ್ದುದು. ತಪಾಸಣೆಗೆ ಬಂದ ಸಾಹೇಬರು ಇದೇನು ಅವತಾರ ಎಂದು ಎಲ್ಲರೆದುರೇ ಬೈದರಂತೆ. ಸರ್ ಅದನ್ನು ನಮಗೆ ನಗುತ್ತ ಹೇಳುತ್ತಿದ್ದರು: "ಗೈರು ಅಂತ ಬರದ್ರ ಮುಗದ್ಹೋತು ನೋಡವ್ವಾ, ಆಮ್ಯಾಲೆ ಯಾರೂ ಹುಡುಕೂದಿಲ್ಲ. ಖಾಲಿ ಬಿಟ್ರ ಕಣ್ಣಿಗೆ ಚುಚ್ಚತೈತಿ." ಚುಚ್ಚಿದ ಚೌಕಗಳನ್ನು ಹಿಡಿದುಕೊಂಡು ಸಂಜೆ ಸೈಕಲ್ ಮೇಲೆ ಕಟ್ಟಡದ ಶೆಡ್ಡುಗಳಿಗೆ ಹೋಗುವರು. ಹೆಂಡತಿ ಗೋದಾವರಿಬಾಯಿಯ ಕೊಂಕು ನಾನೇ ಕೇಳಿದ್ದೇನೆ: "ಊರ ಮಂದೀದೆಲ್ಲಾ ಹಾಜರಿ ಹಿಡೀತಾರ. ಮನ್ಯಾಗ ಇವರ ಹಾಜರಿ ಹಿಡಿಯೋರು ಯಾರು?"

ನಿವೃತ್ತರಾದ ಮೇಲೆ ಮೆಹದಿಪಟ್ಟಣಂನ ಒಂದು ಮೈದಾನದಲ್ಲಿ ಬೆಳಿಗ್ಗೆ ಐದೂವರೆಗೆ ನಿಂತರು. ಯಾರು ಕರೆದರೋ, ಮೊದಲು ಯಾರು ಬಂದರೋ ಗೊತ್ತಿಲ್ಲ. ನಾನು ಸೇರಿದಾಗ ಮೂವತ್ತು ಮಂದಿ ಇದ್ದರು. ಬ್ಯಾಂಕಿನವರು, ಗೌಂಡಿಗಳು, ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಹೆಂಗಸರು. ಸರ್ ಅವರದು ಬಿಳಿ ಕ್ಯಾನ್ವಾಸ್ ಬೂಟು, ಕೊರಳಿಗೆ ಕರವಸ್ತ್ರ. ಸೀಟಿ ಊದುವವರಲ್ಲ, ಚಪ್ಪಾಳೆ ತಟ್ಟುವರು. ಒಬ್ಬೊಬ್ಬರ ಕಾಲಿಗೆ ತಕ್ಕ ಪಾಠ. ವಾರದ ರಜೆ ಎಂಬುದು ಅವರ ಪದ್ಧತಿಯಲ್ಲಿಲ್ಲ, ರಜೆಯೆಂದರೆ ಅಮಾವಾಸ್ಯೆ. ನಮ್ಮ ಕಡೆಯ ಗೌಂಡಿಗಳು ಅವತ್ತೊಂದು ದಿನ ಕೆಲಸಕ್ಕೆ ಕೈ ಹಚ್ಚುವುದಿಲ್ಲ, ಹಾಗಾಗಿ ಬ್ಯಾಂಕಿನವರೂ ಅವತ್ತು ಓಡುವಂತಿಲ್ಲ.

ಅಂಬಾದಾಸ ಎಂಬ ಗೌಂಡಿಯೊಬ್ಬ ನಮ್ಮೊಂದಿಗೆ ಓಡುತ್ತಿದ್ದ. ಮೂರು ದಿನ ಬರಲಿಲ್ಲ. ಸರ್ ಫೋನ್ ಮಾಡಿದರೆ ಎತ್ತಲಿಲ್ಲ. ಯಾರ್ಯಾರನ್ನೋ ಕೇಳಿ ಅವನ ಕೋಣೆ ಹುಡುಕಿ ಹೋದರೆ, ಕಟ್ಟಡದ ಸಾರುವೆಯಿಂದ ಬಿದ್ದು ಕಾಲು ಊದಿಸಿಕೊಂಡು, ಫೋನಿನ ಚಾರ್ಜೂ ಮುಗಿದು, ಒಬ್ಬನೇ ಮಲಗಿದ್ದಾನೆ. ಆಸ್ಪತ್ರೆಗೆ ಸೇರಿಸಿದವರು ಸರ್. ಅಂಬಾದಾಸ ಈಗಲೂ ಸ್ವಲ್ಪ ಕುಂಟುತ್ತಲೇ ಓಡುತ್ತಾನೆ.

ಇಷ್ಟೆಲ್ಲಾ ಅವರು ಒಂದು ಗೋಡೆ ಕ್ಯಾಲೆಂಡರಿನ ಮೇಲೆ ನಡೆಸುತ್ತಿದ್ದರು. ಅದನ್ನು ಬಿಡಿಸಿ ಆ್ಯಪ್‌ಗೆ ತಂದವಳು ನಾನು. ಕೊಂಡಾಪುರದಲ್ಲಿ ನನ್ನ ಆಫೀಸು. ವ್ಯಾಯಾಮದ ತರಬೇತಿಗೆಂದೇ ಇರುವ ಒಂದು ಆ್ಯಪ್‌ ಮಾಡುತ್ತೇವೆ. ತರಬೇತುದಾರರು ತಮ್ಮ ಕಡೆಯಿಂದ ದಿನದ ಪಾಠ ಹಾಕುತ್ತಾರೆ, ಕಲಿಯುವವರ ಫೋನಿನ ಕ್ಯಾಲೆಂಡರಿನಲ್ಲಿ ಅದು ಕಾಣುತ್ತದೆ. ಆ ಕ್ಯಾಲೆಂಡರು ಹೇಗಿರಬೇಕು ಎಂದು ವಿನ್ಯಾಸ ಮಾಡುವುದು ನನ್ನ ಕೆಲಸ. ಸರ್ ಹದಿನೈದು ದಿನ ತೋರುಬೆರಳೊಂದರಲ್ಲೇ ಒತ್ತಿ ಒತ್ತಿ ಕಲಿತರು. ನಮ್ಮ ಕ್ಯಾಲೆಂಡರಿಗೆ ವಾರ ಗೊತ್ತಿತ್ತು, ತಿಂಗಳು ಗೊತ್ತಿತ್ತು, ಅಮಾವಾಸ್ಯೆ ಗೊತ್ತಿರಲಿಲ್ಲ. ಅವರು ಪಂಚಾಂಗ ನೋಡಿ, ಒಬ್ಬೊಬ್ಬರ ಪುಟ ತೆರೆದು, ಕೈಯಿಂದಲೇ ರಜೆ ಹಾಕುತ್ತಿದ್ದರು. ಅದನ್ನೊಂದು ಸರಿ ಮಾಡಿಕೊಡು ಅಂದಿದ್ದರು. ನಾನು ನಕ್ಕು, ಆಯ್ತ್ರಿ ಅಂದಿದ್ದೆ. ಮಾಡಲಿಲ್ಲ.

ನಾನು ಮಾಡಿದ್ದು ಬೇರೆ. ಬಸುರಿಯಾಗಿ ಏಳು ತಿಂಗಳಾಗಿತ್ತು. ತಪ್ಪಿಸಿದ ದಿನಗಳನ್ನು ನಮ್ಮ ಆ್ಯಪ್ ಕೆಂಪು ಚೌಕವಾಗಿ ತೋರಿಸುತ್ತಿತ್ತು. ಬಾಣಂತಿಯರು, ಕಾಯಿಲೆಯಿಂದ ಎದ್ದವರು ನಮಗೆ ಬರೆಯುತ್ತಿದ್ದರು: ಆ ಕೆಂಪು ನೋಡಿ ಅಳು ಬರುತ್ತದೆ, ಆ್ಯಪೇ ತೆಗೆದುಹಾಕಿದೆ ಎಂದು. ನಿಜ ಹೇಳಬೇಕೆಂದರೆ ನನಗೆ ನನ್ನದೇ ಭಯ ಹತ್ತಿತ್ತು. ನಾಳೆ ನನ್ನ ಕ್ಯಾಲೆಂಡರೂ ಹಾಗೇ ಆಗುತ್ತದಲ್ಲಾ ಎಂದು. ಅದಕ್ಕೇ ಒಂದು ಉಪಾಯ ಮಾಡಿದೆ. ಇವತ್ತಿನ ಪಾಠ ತಪ್ಪಿದರೆ ಅದು ತಾನಾಗಿ ನಾಳೆಗೆ ಸರಿಯುತ್ತದೆ. ನಾಳೆಯೂ ತಪ್ಪಿದರೆ ನಾಡಿದ್ದಿಗೆ. ಹಿಂದೆ ಕೆಂಪೂ ಇಲ್ಲ, ಖಾಲಿಯೂ ಇಲ್ಲ. 'ಬಾಕಿ ಇಲ್ಲ' ಎಂದು ಹಸಿರು ಗೆರೆ. ಆಫೀಸಿನಲ್ಲಿ ಎಲ್ಲರೂ ಮೆಚ್ಚಿದರು. ಕೇಕು ತರಿಸಿದರು. ನಾನು ಹೆರಿಗೆ ರಜೆಗೆ ಹೋದೆ.

ಶಾಂಭವಿ ಹುಟ್ಟಿದ ಸುದ್ದಿ ತಿಳಿಸಿದಾಗ ಸರ್ ಆಶೀರ್ವಾದ ಕಳಿಸಿದರು. ಮಗುವಿಗೆ ಮೂರು ತಿಂಗಳಾದಾಗ ನನ್ನ ಕ್ಯಾಲೆಂಡರಿನಲ್ಲಿ ಅವರ ಪಾಠ ಬಂತು: ಹತ್ತು ನಿಮಿಷ ನಡಿಗೆ, ಮನೆಯ ಹತ್ತಿರವೇ. ಅವತ್ತು ಮಗು ಹಾಲು ಕಕ್ಕುತ್ತಿತ್ತು, ಹೋಗಲಿಲ್ಲ. ಮರುದಿನ ಅತ್ತೆ ಕಮಲಾಕ್ಷಿ, ನಾ ನೋಡ್ಕೋತೀನಿ ಹೋಗು ಎಂದು ಚಪ್ಪಲಿಯನ್ನು ಬಾಗಿಲಿಗೆ ತಂದಿಟ್ಟರು. ನಾನು ಲಿಫ್ಟಿನ ತನಕ ಹೋಗಿ ವಾಪಸು ಬಂದೆ. ಹತ್ತು ನಿಮಿಷದಲ್ಲಿ ಮಗುವಿಗೆ ಏನಾದರೂ ಆದರೆ? ಮೂರನೆಯ ದಿನ ಬೆಳಿಗ್ಗೆ ಏಳೂವರೆಗೆ ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದೆ. ಬರಲಿಲ್ಲ.

ಅಲ್ಲಿಂದ ಏಳು ತಿಂಗಳು. ದಿನಾ ಬೆಳಿಗ್ಗೆ ಆ್ಯಪ್ ತೆರೆದರೆ ಅದೇ ಸಾಲು: 'ಇವತ್ತು, ಹತ್ತು ನಿಮಿಷ ನಡಿಗೆ.' ಕೆಳಗೆ ಹಸಿರು. ಮಗುವಿಗೆ ಹಾಲು ಕುಡಿಸುತ್ತ ಕಿಟಕಿಯಲ್ಲಿ ನೋಡಿದರೆ, ಬೂಟು ಕಟ್ಟಿಕೊಂಡು ಯಾರೋ ಮೈದಾನದ ಕಡೆ ಹೋಗುತ್ತಿರುತ್ತಾರೆ. ಆ ಹೊತ್ತಿನ ಮಣ್ಣಿನ ವಾಸನೆ, ಎರಡನೆಯ ಸುತ್ತಿನಲ್ಲಿ ಉಸಿರು ತಾನಾಗಿ ಹದಕ್ಕೆ ಬರುವುದು, ಮೈದಾನ ಬಳಸಿಕೊಂಡು ಬರುವಾಗ ಸರ್ ಅವರ ಚಪ್ಪಾಳೆ ಹತ್ತಿರವಾಗುವುದು, ಎಲ್ಲ ನೆನಪಾಗಿ ಎದೆ ಭಾರವಾಗುತ್ತಿತ್ತು. ಓಡಬೇಕು ಅನ್ನುವುದಕ್ಕಿಂತ, ಯಾರಾದರೂ ನನ್ನನ್ನು ಹುಡುಕಿಕೊಂಡು ಬರಬೇಕು ಅನ್ನಿಸುತ್ತಿತ್ತು. ಮನೆಯಲ್ಲಿ ಎಲ್ಲರೂ ಕೂಸು ಹ್ಯಾಂಗೈತಿ ಅನ್ನುವವರೇ. ನನ್ನ ಕಾಲು ಮುನಿಸಿಕೊಂಡಿವೆಯೇ ಎಂದು ಕೇಳುವವರು ಒಬ್ಬರೇ ಇದ್ದರು, ಅವರೂ ಕೇಳುತ್ತಿಲ್ಲ.

ನಾನೇ ಫೋನ್ ಮಾಡಬಹುದಿತ್ತು. ಗಂಡ ನಚಿಕೇತ ಹತ್ತು ಸಲ ಹೇಳಿದ. ಆದರೆ ಏನೆಂದು ಮಾಡಲಿ? ನೀವು ಯಾಕೆ ಕರೆಯಲಿಲ್ಲ ಎಂದು ಕೇಳಲೇ? ಗೌಂಡಿಯ ಕೋಣೆ ಹುಡುಕಿ ಹೋದವರು ನನಗೊಂದು ಫೋನ್ ಮಾಡಲಿಲ್ಲವೆಂದರೆ, ನಾನು ಅವರ ಲೆಕ್ಕದಿಂದ ಹೊರಗೆ ಹೋಗಿದ್ದೇನೆ ಎಂದೇ ಅರ್ಥ. ಹಾಗೆ ಅಂದುಕೊಂಡೇ ಕೆಲಸಕ್ಕೂ ವಾಪಸು ಹೋದೆ.

ಹೋದ ವಾರ ನಮ್ಮ ತಂಡದ ಮುಖ್ಯಸ್ಥ ಅಕ್ಷಯ, ಕ್ಯಾಲೆಂಡರನ್ನು ಇನ್ನೂ ಸುಧಾರಿಸಬೇಕು, ಹಳೆಯ ದೂರುಗಳನ್ನೆಲ್ಲ ಒಮ್ಮೆ ಓದು ಎಂದ. ಓದುತ್ತಾ ಹೋದೆ. ಐದು ತಿಂಗಳ ಹಿಂದಿನ ಒಂದು ದೂರು ಕನ್ನಡದಲ್ಲಿತ್ತು. ಸಹಾಯವಾಣಿಯಲ್ಲಿ ಕನ್ನಡ ಓದುವವರಿಲ್ಲ; ಆ್ಯಪ್ ಅಪ್‌ಡೇಟ್ ಮಾಡಿಕೊಳ್ಳಿ ಎಂಬ ಸಿದ್ಧ ಉತ್ತರ ಕಳಿಸಿ ಮುಗಿಸಿಬಿಟ್ಟಿದ್ದರು.

"ಮಾನ್ಯರೇ, ನಾನು ಕಲ್ಯಾಣಪ್ಪ, ನಿವೃತ್ತ ವ್ಯಾಯಾಮ ಶಿಕ್ಷಕ. ಹೊಸ ಕ್ಯಾಲೆಂಡರು ಬಂದಾಗಿನಿಂದ ನನ್ನ ನಲವತ್ತೊಂದು ಮಂದಿಯಲ್ಲಿ ಯಾರಿಗೂ ಬಾಕಿ ಇಲ್ಲವೆಂದು ತೋರಿಸುತ್ತದೆ. ಮೈದಾನಕ್ಕೆ ಬರುವವರು ಒಂಬತ್ತು ಜನ. ಉಳಿದವರು ತಂತಮ್ಮ ಬೀದಿಗಳಲ್ಲಿ ಓಡುತ್ತಿರಬಹುದು ಎಂದುಕೊಂಡಿದ್ದೇನೆ. ಸರಿಯಾಗಿ ಓಡುವವರಿಗೆ ಫೋನ್ ಮಾಡಿ ಕಾಟ ಕೊಡುವುದು ನನ್ನ ಪದ್ಧತಿಯಲ್ಲ. ಒಬ್ಬ ಹುಡುಗಿ ಬಾಣಂತನ ಮುಗಿಸಿ ದಿನವೂ ನಡೆಯುತ್ತಿದ್ದಾಳೆಂದು ತೋರಿಸುತ್ತದೆ. ಸಂತೋಷ. ನನ್ನನ್ನು ಬಿಟ್ಟು ಬೇರೆ ಕಡೆ ಹೋಗುತ್ತಿದ್ದರೂ ಸಂತೋಷವೇ. ಆದರೆ ಖಚಿತವಾಗಿ ತಿಳಿದಿದ್ದರೆ ಚೆನ್ನಾಗಿತ್ತು. ದಯವಿಟ್ಟು ನನ್ನ ಖಾಲಿ ಚೌಕಗಳನ್ನು ವಾಪಸು ಕೊಡಿರಿ."

ಎರಡು ಸಲ ಓದಿದೆ. ಮೂರನೆಯ ಸಲ ಅಕ್ಷರ ಕಾಣಲಿಲ್ಲ.

ಆ ಕ್ಯಾಲೆಂಡರು ಕಲಿಯುವವರಿಗೆ ಹೇಗೆ ಕಾಣುತ್ತದೆ ಎಂಬುದನ್ನು ನಾನು ನೂರು ಸಲ ನೋಡಿದ್ದೆ. ಕಲಿಸುವವರಿಗೆ ಹೇಗೆ ಕಾಣುತ್ತದೆ ಎಂದು ಒಂದು ಸಲವೂ ತೆರೆದು ನೋಡಿರಲಿಲ್ಲ. ಅವತ್ತು ತೆರೆದೆ. ಸರ್ ಅವರ ಪಟ್ಟಿಯಲ್ಲಿ ನಲವತ್ತೊಂದು ಹೆಸರು, ನಲವತ್ತೊಂದು ಹಸಿರು ಗೆರೆ. ನನ್ನ ಹೆಸರು ಒತ್ತಿದೆ. ಒಂದು ಹೆಜ್ಜೆಯೂ ನಡೆಯದ ಏಳು ತಿಂಗಳಲ್ಲಿ, ತಿಂಗಳಿಗೊಂದು ದಿನ ಕೈಯಿಂದ ಹಾಕಿದ ರಜೆ ಇತ್ತು. ಎಲ್ಲಾ ಅಮಾವಾಸ್ಯೆಗಳು. ಬರುವ ತಿಂಗಳದ್ದನ್ನೂ ಹೋದ ಸೋಮವಾರವೇ ಹಾಕಿಟ್ಟಿದ್ದಾರೆ, ನಡೆದು ನಡೆದು ನನ್ನ ಕಾಲು ಸೋಲಬಾರದೆಂದು.

ಅಕ್ಷಯನ ಹತ್ತಿರ ಹೋಗಿ ಕಾಗದದ ಅರ್ಥ ಹೇಳಿದೆ. ಅವನು ತೆಲುಗಿನವ, ಒಳ್ಳೆಯವನೇ. ಇದು ದೂರಲ್ಲ ಪ್ರಾಜಕ್ತಾ, ಕವಿತೆ ಅಂದ. ಆಮೇಲೆ, ಯಾರಿಗೂ ಬಾಕಿ ಇಲ್ಲವೆಂದರೆ ಒಳ್ಳೆಯದೇ ಅಲ್ಲವಾ, ಅದರಲ್ಲಿ ತೊಂದರೆ ಏನು ಎಂದು ಕೇಳಿದ. ನಾನು ಅಂಬಾದಾಸನ ಕಥೆ ಹೇಳಿದೆ. ಈಗ ಅವನು ಬಿದ್ದಿದ್ದರೆ ನಮ್ಮ ಕ್ಯಾಲೆಂಡರು ಏನು ತೋರಿಸುತ್ತಿತ್ತು ಎಂದು ಕೇಳಿದೆ. ಅಕ್ಷಯ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ಬರಿ, ಹೇಗಿರಬೇಕು ಹೇಳು ಅಂದ.

ಬರೆದೆ. ಕಲಿಯುವವರ ಕಡೆ ಪಾಠ ಮುಂದಕ್ಕೆ ಸರಿಯಲಿ, ಕೆಂಪು ಬೇಡ, ಯಾರೂ ಅಳುವುದು ಬೇಡ. ಆದರೆ ಕಲಿಸುವವರ ಕಡೆ, ಯಾವ ದಿನ ತಪ್ಪಿತೋ ಆ ಚೌಕ ಅಲ್ಲೇ ಖಾಲಿ ಉಳಿಯಲಿ. ಮೂರು ಖಾಲಿಯಾದರೆ ಹೆಸರು ಮೇಲಕ್ಕೆ ಬರಲಿ, ಪಕ್ಕದಲ್ಲಿ ಫೋನ್ ಗುರುತು ಇರಲಿ. ಅಮಾವಾಸ್ಯೆಯ ರಜೆ ಒಂದೇ ಸಲ ಒತ್ತಿದರೆ ವರ್ಷಕ್ಕೆಲ್ಲಾ, ಎಲ್ಲರಿಗೂ ಬೀಳಲಿ. ಖಾಲಿ ಚೌಕ, ಫೋನ್ ಗುರುತು ಇವು ಮೂರು ವಾರದಲ್ಲಿ ಆಗುತ್ತವೆ, ಅಮಾವಾಸ್ಯೆ ನೋಡೋಣ ಎಂದ ಅಕ್ಷಯ. ನಾನು ಅಮಾವಾಸ್ಯೆಯೇ ಮೊದಲು ಎಂದು ಜಗಳ ತೆಗೆದೆ. ಅವನು ಕೈ ಮುಗಿದ.

ಮೂರು ವಾರ. ಅದಾದ ಮೇಲೆ ಒಂದು ಬೆಳಿಗ್ಗೆ ಸರ್ ಆ್ಯಪ್ ತೆರೆಯುತ್ತಾರೆ, ಎಲ್ಲರಿಗಿಂತ ಮೇಲೆ ನನ್ನ ಹೆಸರು, ಇನ್ನೂರಕ್ಕೂ ಹೆಚ್ಚು ಖಾಲಿ ಚೌಕ. ಏಳೂವರೆಗೆ ನನಗೆ ಫೋನ್ ಬರುತ್ತದೆ. ಅದನ್ನು ಊಹಿಸಿಕೊಂಡು ಕೂತರೆ ಎಷ್ಟು ಹಿತವಾಗಿತ್ತೆಂದರೆ, ಕಾಯೋಣ ಅನ್ನಿಸಿತು. ಇಷ್ಟು ದಿನ ಕಾದದ್ದು ಆ ಕರೆಗಾಗಿಯೇ ಅಲ್ಲವೇ.

ಆದರೆ ಕಾಯುತ್ತಿರುವವಳು ನಾನೊಬ್ಬಳೇ ಅಲ್ಲವಲ್ಲ. ಖಚಿತವಾಗಿ ತಿಳಿದಿದ್ದರೆ ಚೆನ್ನಾಗಿತ್ತು ಎಂದು ಐದು ತಿಂಗಳ ಹಿಂದೆಯೇ ಬರೆದು, ಉತ್ತರವಿಲ್ಲದೆ, ಮತ್ತೆ ಪಂಚಾಂಗ ನೋಡಿ ನನಗೆ ರಜೆ ಹಾಕುತ್ತಿರುವ ಅರವತ್ತೇಳು ವರ್ಷದ ಮನುಷ್ಯ. ಇನ್ನು ಮೂರು ವಾರ ಯಾಕೆ?

ಮಧ್ಯಾಹ್ನ ನಾಲ್ಕಕ್ಕೆ ಆಫೀಸಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಫೋನ್ ಹಚ್ಚಿದೆ. ಆರು ಸಲ ರಿಂಗಾಯಿತು. ಮಲಗಿರಬಹುದು, ಎಬ್ಬಿಸಿದೆನೇನೋ, ಮೈಯಲ್ಲಿ ಹುಷಾರಿಲ್ಲವೇನೋ ಎಂದು ಅಷ್ಟರಲ್ಲೇ ನನ್ನ ತಲೆ ಓಡಿತ್ತು.

"ಯಾರು?"

"ಸರ್, ನಾ ಪ್ರಾಜಕ್ತಾ. ನಾ ಒಂದು ದಿನಾನೂ ನಡದಿಲ್ರಿ. ಆ ಹಸಿರು ಸುಳ್ಳದ. ನಾನೇ ಮಾಡಿದ್ದದು."

ಆ ಕಡೆ ರೇಡಿಯೋದ ಸದ್ದು ಕೇಳುತ್ತಿತ್ತು. ಯಾರೋ ಅದನ್ನು ಆರಿಸಿದರು.

"ಬ್ಯಾರೆ ಯಾರ ಕಡೇನೂ ಹೋಗಿಲ್ಲ ಹಂಗಾರ?"

"ಎಲ್ಲೂ ಹೋಗಿಲ್ರಿ. ಮನ್ಯಾಗ ಇದ್ದೆ."

ಅವರು ಗಂಟಲು ಸರಿಮಾಡಿಕೊಂಡರು. ಒಂದು ಸಲ, ಮತ್ತೊಂದು ಸಲ.

"ಕೂಸಿಗೆ ಹಲ್ಲು ಬಂದಾವೇನವ್ವಾ?"

"ಎರಡು ಬಂದಾವ್ರಿ ಸರ್," ಅಂದೆ. "ಕೆಳಗಿನವು."